ಗಲ್ಫ್‌ನಲ್ಲಿರುವ ನಾವು ಕಂದೂರಾ ತೊಡಬಹುದಾ? ಪದೇ ಪದೇ ಕೇಳುವ ಪ್ರಶ್ನೆಗಳು

ದುಬೈ, ಶಾರ್ಜಾ, ದೋಹಾ, ರಿಯಾದ್, ಮಸ್ಕತ್‌ಗೆ ಹೊಸದಾಗಿ ಬಂದವರು ವೀಸಾ, ಬಾಡಿಗೆ ಮನೆ, ಡ್ರೈವಿಂಗ್ ಲೈಸೆನ್ಸ್ ತಲೆನೋವು ಮುಗಿದ ಮೇಲೆ ನಿಧಾನವಾಗಿ ಕೇಳುವ ಪ್ರಶ್ನೆ ಇದು. ಅರಬ್ ಗಂಡಸರು ತೊಡುವ ಆ ಬಿಳಿ ಉದ್ದನೆ ಅಂಗಿ, ಅಂದರೆ ಕಂದೂರಾ, ನೋಡಲು ಚೆಂದ, ಸೆಖೆಗೂ ಒಳ್ಳೇದು ಅನ್ನಿಸುತ್ತದೆ. ನಾವೂ ಒಂದು ಹೊಲಿಸಿಕೊಳ್ಳಬಹುದಾ? ಯಾರಾದರೂ ತಪ್ಪು ತಿಳಿದರೆ? ಹಲವು ವರ್ಷ ಇಲ್ಲಿದ್ದು, ಅರಬ್ ಸಹೋದ್ಯೋಗಿಗಳ ಜೊತೆ ಉಂಡು ತಿಂದು, ಅವರ ಮದುವೆಗಳಿಗೂ ಹೋಗಿ ಬಂದ ಮೇಲೆ ನನಗೆ ತಿಳಿದಿರುವುದನ್ನು ಇಲ್ಲಿ ಬರೆದಿದ್ದೇನೆ.

ಮೊದಲು ಕಾನೂನು ಹೇಳಿ. ವಿದೇಶಿಯರು ತೊಡಬಹುದಾ?

ತೊಡಬಹುದು. ಅಂಗಡಿಯವರು ಪಾಸ್‌ಪೋರ್ಟ್ ನೋಡಿ ಕಂದೂರಾ ಮಾರುವುದಿಲ್ಲ. ದುಬೈಯ ನೈಫ್, ದೋಹಾದ ಸೂಕ್ ವಾಕಿಫ್, ಕುವೈತ್‌ನ ಮುಬಾರಕಿಯಾ, ಎಲ್ಲಿ ಬೇಕಾದರೂ ಹೋಗಿ ದುಡ್ಡು ಕೊಟ್ಟರೆ ಸಿಗುತ್ತದೆ. ಕಾನೂನು ನೋಡುವುದು ಆ ಬಟ್ಟೆ ತೊಟ್ಟು ನೀವು ಏನು ಮಾಡುತ್ತೀರಿ ಅನ್ನುವುದನ್ನು. ನಾನು ಇಲ್ಲಿನ ಪ್ರಜೆ, ನಾನು ಸರ್ಕಾರಿ ಅಧಿಕಾರಿ ಅಂತ ನಂಬಿಸಿ ಕೆಲಸ ಸಾಧಿಸಿಕೊಳ್ಳಲು ಹೋದರೆ ಅದು ವಂಚನೆ. ಅಲ್ಲಿ ಬಟ್ಟೆಯೂ ನಿಮ್ಮ ವಿರುದ್ಧದ ಸಾಕ್ಷಿಯಾಗುತ್ತದೆ.

ತೊಡಬಹುದು ಅಂತಾದರೆ ಜನ ಯಾಕೆ ಇಷ್ಟು ಹಿಂದೆಮುಂದೆ ನೋಡುತ್ತಾರೆ?

ಇಲ್ಲಿ ಬಟ್ಟೆ ಅಂದರೆ ಬರೀ ಬಟ್ಟೆ ಅಲ್ಲ. ಯುಎಇ, ಕತಾರ್‌ಗಳಲ್ಲಿ ಹತ್ತು ಜನ ನಿಂತರೆ ಅದರಲ್ಲಿ ಸ್ಥಳೀಯ ಪ್ರಜೆ ಹೆಚ್ಚುಕಡಿಮೆ ಒಬ್ಬ. ಉಳಿದವರು ನಾವು, ಮಲಯಾಳಿಗಳು, ಪಾಕಿಸ್ತಾನಿಗಳು, ಫಿಲಿಪಿನೋಗಳು, ಈಜಿಪ್ಟಿನವರು. ತನ್ನ ಊರಿನ ಮಾಲ್‌ನಲ್ಲೇ ತಾನು ಅಲ್ಪಸಂಖ್ಯಾತ ಆಗಿರುವವನಿಗೆ ತನ್ನವರನ್ನು ದೂರದಿಂದ ಗುರುತು ಹಿಡಿಯಲು ಇರುವುದು ಈ ಬಿಳಿ ಕಂದೂರಾ, ತಲೆಗೆ ಸುತ್ತುವ ಬಟ್ಟೆ ಘುತ್ರಾ, ಹೆಂಗಸರ ಕಪ್ಪು ನಿಲುವಂಗಿ ಅಬಾಯಾ.

ಇದು ಮೊದಲಿನಿಂದಲೂ ಹೀಗೇ ಇರಲಿಲ್ಲ. ಮುತ್ತಿನ ವ್ಯಾಪಾರದ ಕಾಲದಲ್ಲಿ ಇಲ್ಲಿನ ಕರಾವಳಿಯ ಜನ ಭಾರತದಿಂದ ಬಂದ ಬಣ್ಣಬಣ್ಣದ ಹತ್ತಿ ಬಟ್ಟೆ ಉಡುತ್ತಿದ್ದರು. ಸಮುದ್ರಕ್ಕೆ ಇಳಿಯುವವರಿಗೆ ಸೊಂಟಕ್ಕೆ ಸುತ್ತಿದ ಲುಂಗಿಯೇ ಸಾಕಿತ್ತು. ಎಣ್ಣೆ ದುಡ್ಡು ಬಂತು, ಹೊರಗಿನವರು ಲಕ್ಷಗಟ್ಟಲೆ ಬಂದರು, 1971ರಲ್ಲಿ ಯುಎಇ ಅನ್ನುವ ದೇಶವೇ ಹುಟ್ಟಿತು. ಆಮೇಲೆ ಈ ಅಚ್ಚ ಬಿಳಿ, ಇಸ್ತ್ರಿ ಮುರಿಯದ ಕಂದೂರಾ ರಾಷ್ಟ್ರೀಯ ಉಡುಪು ಅಂತ ಗಟ್ಟಿಯಾಯಿತು.

ಸೌದಿಯಲ್ಲಿ ಲೆಕ್ಕ ಬೇರೆ. 2022ರ ಜನಗಣತಿ ಪ್ರಕಾರ ಅಲ್ಲಿ ಪ್ರಜೆಗಳೇ ಶೇ. 58ರಷ್ಟು. ಯೆಮನಿ, ಸುಡಾನಿ, ಪಾಕಿಸ್ತಾನಿ, ನಮ್ಮ ಕಡೆಯ ಮುಸ್ಲಿಮರು ಎಷ್ಟೋ ಜನ ಶುಕ್ರವಾರದ ನಮಾಜ್‌ಗೆ ಥೋಬ್ (ಸೌದಿಯಲ್ಲಿ ಈ ಅಂಗಿಯ ಹೆಸರು) ತೊಟ್ಟೇ ಹೋಗುತ್ತಾರೆ. ಯಾರೂ ತಿರುಗಿ ನೋಡುವುದಿಲ್ಲ. ಅದೇ ಮನುಷ್ಯ ಅಬುಧಾಬಿಯಲ್ಲಿ ಎಮಿರಾತಿ (ಯುಎಇ ಪ್ರಜೆಗಳ) ಶೈಲಿಯ ಕಂದೂರಾ, ಘುತ್ರಾ, ಅದರ ಮೇಲೆ ಕೂರಿಸುವ ಕಪ್ಪು ಹಗ್ಗದ ಬಳೆ ಅಗಾಲ್ ಎಲ್ಲ ಹಾಕಿಕೊಂಡು ಓಡಾಡಿದರೆ ಒಂದಿಬ್ಬರಾದರೂ ಕಣ್ಣು ಕಿರಿದು ಮಾಡಿ ನೋಡುತ್ತಾರೆ.

ಕಂದೂರಾ, ಥೋಬ್, ದಿಶ್‌ದಾಶಾ ಎಲ್ಲ ಒಂದೇ ಅಲ್ವಾ?

ದೂರದಿಂದ ಒಂದೇ. ಹತ್ತಿರ ಹೋಗಿ ಕುತ್ತಿಗೆ ನೋಡಿ.

ಎಮಿರಾತಿ ಕಂದೂರಾಕ್ಕೆ ಕಾಲರ್ ಇಲ್ಲ. ಕುತ್ತಿಗೆಯಿಂದ ಎದೆಯ ಮೇಲೆ ಉದ್ದಕ್ಕೆ ಒಂದು ದಾರದ ಕುಚ್ಚು ಇಳಿಬಿದ್ದಿರುತ್ತದೆ. ಅದಕ್ಕೆ ತರ್ಬೂಷಾ ಅನ್ನುತ್ತಾರೆ. ಒಮಾನಿ ದಿಶ್‌ದಾಶಾಕ್ಕೂ ಕಾಲರ್ ಇಲ್ಲ, ಕುಚ್ಚು ಇದೆ, ಆದರೆ ಅದು ಚಿಕ್ಕದು, ನಡುವಿನಿಂದ ಸ್ವಲ್ಪ ಪಕ್ಕಕ್ಕೆ ಇರುತ್ತದೆ. ಅದರ ಹೆಸರು ಫುರಾಖಾ. ಹಳೇ ಒಮಾನಿಗಳು ಅದನ್ನು ಅತ್ತರಿನಲ್ಲಿ ಅದ್ದಿಕೊಂಡು ಹೊರಡುತ್ತಾರೆ. ಮಾತಾಡಿಸಲು ಬಗ್ಗಿದಾಗ ಘಮ್ಮನೆ ಬರುತ್ತದೆ.

ಸೌದಿ ಥೋಬ್‌ಗೆ ಗಟ್ಟಿ ನಿಲುವು ಕಾಲರ್. ಕೈಗೆ ಷರ್ಟಿನ ಹಾಗೆ ಕಫ್, ಅದಕ್ಕೆ ಕಫ್‌ಲಿಂಕ್. ಮೈಗೆ ತುಸು ಅಂಟಿದ ಹಾಗೆ ಹೊಲಿಸುತ್ತಾರೆ. ಕತಾರಿನದಕ್ಕೆ ಷರ್ಟ್ ಕಾಲರ್, ಎದೆ ಜೇಬು, ಬಟ್ಟೆಗೆ ಸ್ವಲ್ಪ ಹೊಳಪು. ಕುವೈತಿನದು ಒಂದೇ ಗುಂಡಿಯ ಪಟ್ಟಿ ಕಾಲರ್. ಬಹರೈನ್‌ನದು ಮೆತ್ತಗಿನ ಕಾಲರ್, ಸ್ವಲ್ಪ ಸಡಿಲ.

ಇದೆಲ್ಲ ಯಾಕೆ ಬೇಕು ಅಂದರೆ, ದುಬೈ ಎಮಿರಾತಿಗಳ ಮದುವೆಗೆ ಸೌದಿ ಕಾಲರಿನ ಥೋಬ್ ಮೇಲೆ ಒಮಾನಿ ಟೋಪಿ ಹಾಕಿಕೊಂಡು ಹೋದರೆ ಬೈಯುವುದಿಲ್ಲ, ನಗುತ್ತಾರೆ. ಬೆನ್ನ ಹಿಂದೆ ಜಾಸ್ತಿ ನಗುತ್ತಾರೆ.

ನಾನು ಹಿಂದೂ (ಅಥವಾ ಕ್ರಿಶ್ಚಿಯನ್). ತೊಟ್ಟರೆ ಧರ್ಮದ ಸಮಸ್ಯೆ ಬರುತ್ತದಾ?

ಇಲ್ಲ. ಇದು ಈ ಬಿಸಿಲಿನ ಸೀಮೆಯ ಬಟ್ಟೆ. ಇಸ್ಲಾಮಿಗಿಂತ ಮುಂಚೆಯೂ ಇಲ್ಲಿನ ಜನ ಉದ್ದನೆಯ ಸಡಿಲ ಅಂಗಿ ತೊಡುತ್ತಿದ್ದರು. ಜೋರ್ಡಾನ್‌ನ ಅರಬ್ ಕ್ರಿಶ್ಚಿಯನ್ ಹಿರಿಯರು ಇವತ್ತಿಗೂ ತಲೆಗೆ ಶೆಮಾಗ್ ಅನ್ನುವ ಚೌಕುಳಿ ಬಟ್ಟೆ ಸುತ್ತುತ್ತಾರೆ. ಒಂದು ವಿಷಯ ಮಾತ್ರ ಗೊತ್ತಿರಲಿ. ನೀವು ತೊಟ್ಟಿದ್ದೀರಿ ಅಂದರೆ ಎದುರಿನವರು ನಿಮ್ಮನ್ನು ಮುಸ್ಲಿಂ ಅಂದುಕೊಂಡು ಸಲಾಂ ಹೇಳುತ್ತಾರೆ, ನಮಾಜ್ ಹೊತ್ತಾಯಿತು ಬನ್ನಿ ಅಂತ ಕರೆಯುತ್ತಾರೆ. ಸಲಾಂಗೆ ಸಲಾಂ ಹೇಳಿ. ನಮಾಜ್‌ಗೆ ಕರೆದರೆ ನಾನು ಮುಸ್ಲಿಂ ಅಲ್ಲ ಅಂತ ನಗುತ್ತಾ ಹೇಳಿ. ಅಷ್ಟರಲ್ಲಿ ಮುಗಿಯಿತು.

ತಲೆಗೆ ಘುತ್ರಾ, ಅಗಾಲ್ ಕೂಡ ಹಾಕಿಕೊಳ್ಳಬಹುದಾ?

ಇಲ್ಲಿ ಸ್ವಲ್ಪ ಯೋಚಿಸಿ. ಕಂದೂರಾ ಒಂದನ್ನೇ ತೊಟ್ಟು, ಬರೀ ತಲೆಯಲ್ಲಿ ಅಥವಾ ಬಿಳಿ ಟೋಪಿ ಹಾಕಿಕೊಂಡು ಹೋಗುವವರು ಬೇಕಾದಷ್ಟು ಜನ ಇದ್ದಾರೆ. ತಲೆಗೆ ಬಟ್ಟೆ ಸುತ್ತಿ ಅದರ ಮೇಲೆ ಕಪ್ಪು ಅಗಾಲ್ ಕೂರಿಸಿದ ಕೂಡಲೇ ಚಿತ್ರ ಬದಲಾಗುತ್ತದೆ. ಎದುರಿನವರು ನಿಮ್ಮನ್ನು ಸ್ಥಳೀಯ ಪ್ರಜೆ ಅಂತಲೇ ಓದುತ್ತಾರೆ, ವೇಗವಾಗಿ ಅರಬ್ಬಿಯಲ್ಲಿ ಮಾತಾಡಲು ಶುರು ಮಾಡುತ್ತಾರೆ. ನೀವು ತಬ್ಬಿಬ್ಬಾದರೆ ಇಬ್ಬರಿಗೂ ಮುಜುಗರ.

ನನ್ನ ಮಾತು ಕೇಳುವುದಾದರೆ, ಕರೆದ ಮನೆಯವರೇ ಕಟ್ಟಿದರೆ ಕಟ್ಟಿಸಿಕೊಳ್ಳಿ. ನೀವಾಗಿ ಕಟ್ಟಿಕೊಂಡು ಸೂಪರ್‌ಮಾರ್ಕೆಟ್‌ಗೆ ಹೋಗಬೇಡಿ. ಕಟ್ಟುವುದು ಸುಲಭವೂ ಅಲ್ಲ. ಚೌಕದ ಬಟ್ಟೆಯನ್ನು ತ್ರಿಕೋನಕ್ಕೆ ಮಡಚಬೇಕು, ಹಣೆಯ ನಡುವೆ ಒಂದು ಮೊನೆ ಎದ್ದು ನಿಲ್ಲಬೇಕು, ಎರಡೂ ಬದಿ ಸಮ ಇರಬೇಕು. ಒಳಗೆ ಟೋಪಿ ಹಾಕದಿದ್ದರೆ ಎಲ್ಲ ಹಿಂದಕ್ಕೆ ಜಾರುತ್ತದೆ. ಚಿಕ್ಕಂದಿನಿಂದ ಕಟ್ಟಿದವರೇ ಕಾರಿನ ಕನ್ನಡಿಯಲ್ಲಿ ನೋಡಿಕೊಂಡು ಸರಿ ಮಾಡುತ್ತಲೇ ಇರುತ್ತಾರೆ.

ಮತ್ತೆ ಮೆಸ್ಸಿಗೆ ಹಾಕಿದರಲ್ಲ ಆ ಕಪ್ಪು ನಿಲುವಂಗಿ?

ಅದು ಬಿಷ್ತ್. 2022ರ ಡಿಸೆಂಬರ್ 18ರಂದು ಲುಸೈಲ್ ಸ್ಟೇಡಿಯಂನಲ್ಲಿ ವಿಶ್ವಕಪ್ ಫೈನಲ್ ಮುಗಿದ ಮೇಲೆ ಕತಾರ್ ಅಮೀರ್ ಶೇಖ್ ತಮೀಮ್ ತಾವೇ ಮೆಸ್ಸಿಯ ಹೆಗಲಿಗೆ ಹೊದಿಸಿದರು. ಅಂದು ಕತಾರಿನ ನ್ಯಾಷನಲ್ ಡೇ ಕೂಡ ಹೌದು. ಅರ್ಜೆಂಟೀನಾದ ಜರ್ಸಿ ಮುಚ್ಚಿಹೋಯಿತು ಅಂತ ಯುರೋಪಿನ ಕೆಲವರು ಸಿಟ್ಟಾದರು. ಅರಬರಿಗೆ ಆ ಸಿಟ್ಟು ಯಾಕೆಂದೇ ತಿಳಿಯಲಿಲ್ಲ. ಅವರ ಲೆಕ್ಕದಲ್ಲಿ ಅದಕ್ಕಿಂತ ದೊಡ್ಡ ಮರ್ಯಾದೆ ಇಲ್ಲ.

ಬಿಷ್ತ್ ಅಂದರೆ ತೆಳ್ಳನೆ ಉಣ್ಣೆಯ ಹೊದಿಕೆ, ಅಂಚಿಗೆ ಜರಿ. ಸೌದಿಯ ಅಲ್ ಅಹ್ಸಾದ ಕೈಕಸೂತಿಯದು ಹೆಸರುವಾಸಿ, ಬೆಲೆಯೂ ಹಾಗೇ. ಅರಸರು, ಮಂತ್ರಿಗಳು, ಹಬ್ಬದ ದಿನ ಇಮಾಮರು, ಮದುವೆಯ ದಿನ ಮದುಮಗ, ಇಂಥವರು ತೊಡುವುದು. ನಮ್ಮ ಮದುವೆಗೆ ಬಂದ ವಿದೇಶಿ ಗೆಳೆಯ ಪಂಚೆ ಶಲ್ಯ ಹಾಕಿಕೊಂಡರೆ ನಮಗೆ ಖುಷಿ, ಅವನೇ ಬಾಸಿಂಗ ಕಟ್ಟಿಕೊಂಡು ಬಂದರೆ ಹೇಗಿರುತ್ತದೆ? ಬಿಷ್ತ್ ವಿಷಯವೂ ಅಷ್ಟೇ. ಯಾರಾದರೂ ಹೊದಿಸಿದರೆ ಸರಿ.

ರೊನಾಲ್ಡೊ 2023ರ ಫೆಬ್ರವರಿಯಲ್ಲಿ ಸೌದಿ ಸ್ಥಾಪನಾ ದಿನಕ್ಕೆ ಅಲ್ಲಿನ ಉಡುಪು ತೊಟ್ಟು, ಕತ್ತಿ ಹಿಡಿದು ಕುಣಿದ. ಅದನ್ನು ಸೌದಿಗಳು ಮೆಚ್ಚಿಕೊಂಡರು. ಅವನನ್ನು ಕರೆದದ್ದು ಅವನ ಅಲ್ಲಿನ ಫುಟ್‌ಬಾಲ್ ಕ್ಲಬ್, ದಿನ ಅವರ ಹಬ್ಬದ ದಿನ. ಸುಮ್ನೆ ಒಂದು ಮಂಗಳವಾರ ಕತ್ತಿ ಹಿಡಿದುಕೊಂಡು ಬಂದಿದ್ದಲ್ಲ.

ಬಿಳಿಯರು ತೊಟ್ಟರೆ ಎಲ್ಲರೂ ಖುಷಿಪಡುತ್ತಾರೆ, ನಾವು ತೊಟ್ಟರೆ ಅನುಮಾನ. ಇದು ನಿಜವಾ?

ಬಹಳ ಮಟ್ಟಿಗೆ ನಿಜ. ಬ್ರಿಟಿಷ್ ಮ್ಯಾನೇಜರ್ ರಂಜಾನ್ ಇಫ್ತಾರಿಗೆ ಕಂದೂರಾ ತೊಟ್ಟು ಬಂದರೆ ಮಾಷಾ ಅಲ್ಲಾ, ಫೋಟೊ, ಚಪ್ಪಾಳೆ. ಅದೇ ಇಫ್ತಾರಿಗೆ ನಮ್ಮ ಅಕೌಂಟೆಂಟ್ ತೊಟ್ಟು ಬಂದರೆ ಏನಪ್ಪಾ ವಿಶೇಷ ಅನ್ನುವ ಪ್ರಶ್ನೆ.

ಕಾರಣ ಎರಡು. ಬಿಳಿಯನನ್ನು ಯಾರೂ ಸ್ಥಳೀಯ ಅಂತ ತಪ್ಪು ತಿಳಿಯುವುದಿಲ್ಲ. ಅವನು ಅತಿಥಿ ಅಂತ ಮುಖವೇ ಹೇಳುತ್ತದೆ. ನಮ್ಮ ಮೈಬಣ್ಣ, ಮುಖ, ಗಡ್ಡ ಇಲ್ಲಿನವರಿಗೆ ಹತ್ತಿರ. ನಾವು ನಿಜಕ್ಕೂ ಬೆರೆತುಹೋಗಬಲ್ಲೆವು. ಅದಕ್ಕೇ ವೇಷ ಹಾಕುತ್ತಿದ್ದಾನಾ ಅನ್ನುವ ಅನುಮಾನ. ಎರಡನೆಯದು ಹೇಳಲು ಕಹಿ. ಇಲ್ಲಿ ಸಂಬಳ, ಮರ್ಯಾದೆ ಎರಡೂ ಪಾಸ್‌ಪೋರ್ಟ್ ಬಣ್ಣ ನೋಡಿಕೊಂಡು ಬರುವ ಜಾಗಗಳು ಇನ್ನೂ ಇವೆ. ಬಟ್ಟೆಯ ವಿಷಯದಲ್ಲಿ ಅದು ಬಯಲಾಗುತ್ತದೆ ಅಷ್ಟೇ. ಇದರಿಂದ ಬೇಜಾರಾದರೆ ನಿಮ್ಮ ತಪ್ಪೇನಿಲ್ಲ.

ಆಫೀಸಿಗೆ ತೊಟ್ಟು ಹೋಗಬಹುದಾ?

ಬೇಡ. ರಂಜಾನ್, ನ್ಯಾಷನಲ್ ಡೇ ಕಾರ್ಯಕ್ರಮ ಇದ್ದರೆ, ಎಚ್‌ಆರ್‌ನವರೇ ಹೇಳಿದರೆ ಸರಿ. ಉಳಿದ ದಿನ ಪ್ಯಾಂಟ್ ಷರ್ಟ್. ಸೈಟ್, ಗ್ಯಾರೇಜ್, ಯಂತ್ರ ಇರುವ ಕಡೆ ಕೆಲಸ ಮಾಡುವವರಿಗಂತೂ ಕೇಳುವುದೇ ಬೇಡ, ಸಡಿಲ ಬಟ್ಟೆ ಸಿಕ್ಕಿಕೊಂಡರೆ ಜೀವಕ್ಕೇ ಅಪಾಯ.

ಇದರ ಇನ್ನೊಂದು ಮುಖವೂ ಇದೆ. ಕೆಲವು ಹೋಟೆಲ್, ರೆಸ್ಟೋರೆಂಟ್‌ಗಳಲ್ಲಿ ನಮ್ಮ ಹುಡುಗರಿಗೆ ಕಂದೂರಾ ತೊಡಿಸಿ ಬಾಗಿಲಲ್ಲಿ ಖಹ್ವಾ (ಅರಬ್ ಕಾಫಿ) ಹಂಚಲು ನಿಲ್ಲಿಸುತ್ತಾರೆ. ನನಗೆ ಪರಿಚಯದ ಕುಂದಾಪುರದ ಹುಡುಗನೊಬ್ಬ ಹೀಗೆ ನಿಂತಿದ್ದ. ಸ್ಥಳೀಯ ಹಿರಿಯರೊಬ್ಬರು ಬಂದು ಅವನಿಗೆ ಏನೂ ಅನ್ನಲಿಲ್ಲ, ಸೀದಾ ಮ್ಯಾನೇಜರ್ ಹತ್ತಿರ ಹೋಗಿ ನಮ್ಮ ಬಟ್ಟೆ ನಿಮಗೆ ಯೂನಿಫಾರ್ಮಾ ಅಂತ ಕೇಳಿದರಂತೆ. ಮಾರನೇ ದಿನ ಹುಡುಗನಿಗೆ ಬೇರೆ ಬಟ್ಟೆ ಬಂತು. ಕಂಪನಿ ಹಾಕು ಅಂದರೆ ಹಾಕಲೇಬೇಕು, ಕೆಲಸ ಉಳಿಯಬೇಕಲ್ಲ. ಆ ಹೊಣೆ ಕಂಪನಿಯದು.

ಒಳಗೆ ಏನು ತೊಡಬೇಕು? ಇದನ್ನು ಕೇಳಲು ನಾಚಿಕೆ ಆಗುತ್ತೆ.

ಕೇಳಲೇಬೇಕಾದ ಪ್ರಶ್ನೆ ಇದೇ. ಬಿಳಿ ಬಟ್ಟೆ ಬಿಸಿಲಿಗೆ ಬಂದರೆ ಪಾರದರ್ಶಕ. ಮನೆಯ ಟ್ಯೂಬ್‌ಲೈಟ್‌ನಲ್ಲಿ ಸರಿಯಾಗೇ ಕಂಡದ್ದು ಹೊರಗೆ ಮರ್ಯಾದೆ ತೆಗೆಯುತ್ತದೆ. ಎಮಿರಾತಿಗಳು, ಒಮಾನಿಗಳು ಒಳಗೆ ಬಿಳಿ ಬನಿಯನ್ ಹಾಕಿ, ಸೊಂಟಕ್ಕೆ ವಿಝಾರ್ ಸುತ್ತುತ್ತಾರೆ. ವಿಝಾರ್ ಅಂದರೆ ಏನೋ ಅಂದುಕೊಳ್ಳಬೇಡಿ, ನಮ್ಮ ಲುಂಗಿಯೇ. ಹಿಂದೂ ಮಹಾಸಾಗರದ ಎರಡೂ ದಡದಲ್ಲಿ ಅದೇ ಬಟ್ಟೆ, ಅದೇ ಗಂಟು. ಕರಾವಳಿಯವರಿಗೆ ಕಲಿಸಿಕೊಡುವ ಅಗತ್ಯವೇ ಇಲ್ಲ. ಸೌದಿಗಳು ಅದರ ಬದಲು ಉದ್ದನೆ ಬಿಳಿ ಸಿರ್ವಾಲ್, ಅಂದರೆ ಪೈಜಾಮದಂಥದ್ದು ತೊಡುತ್ತಾರೆ.

ಜೀನ್ಸ್ ಮೇಲೆ ಕಂದೂರಾ ಹಾಕಬೇಡಿ. ಕಾಲ ಬುಡದಲ್ಲಿ ನೀಲಿ ಇಣುಕುತ್ತದೆ. ಶೂ ಬೇಡ, ಚರ್ಮದ ಚಪ್ಪಲಿ ಸಾಕು.

ಎಲ್ಲಿ ಹೊಲಿಸಬೇಕು? ಎಷ್ಟಾಗುತ್ತದೆ?

ರೆಡಿಮೇಡ್ ಅಗ್ಗ, ಆದರೆ ಎತ್ತರ ಸರಿ ಹೊಂದುವುದು ಕಷ್ಟ. ಹೊಲಿಸುವುದೇ ವಾಸಿ. ದುಬೈಯಲ್ಲಿ ಸತ್ವಾ, ದೇರಾ ಕಡೆ ದರ್ಜಿಗಳ ಸಾಲೇ ಇದೆ. ಅರಬರ ರಾಷ್ಟ್ರೀಯ ಉಡುಪನ್ನು ಹೊಲಿಯುವವರು ಬಹುಪಾಲು ಭಾರತ, ಪಾಕಿಸ್ತಾನ, ಬಾಂಗ್ಲಾದೇಶದವರು. ಬಟ್ಟೆಯೂ ಅರಬ್ ದೇಶದ್ದಲ್ಲ. ಒಳ್ಳೇ ದರ್ಜೆಯದು ಜಪಾನಿನಿಂದ ಬರುತ್ತದೆ. ಟೊಯೊಬೊ, ಶಿಕಿಬೊ ಅನ್ನುವ ಕಂಪನಿಗಳು ದಶಕಗಳಿಂದ ಥೋಬ್ ಬಟ್ಟೆಯನ್ನೇ ನೇಯ್ದು ಕಳಿಸುತ್ತಿವೆ. ಸುಕ್ಕು ಬೀಳದ ಪಾಲಿಯೆಸ್ಟರ್ ಮಿಶ್ರಣ. ದರ್ಜಿಯ ಮುಂದೆ ಕುಳಿತರೆ ಒಂದರ ಮೇಲೊಂದು ಬಿಳಿ ಥಾನು ಬಿಚ್ಚಿ ಇದು ಹಾಲು ಬಿಳಿ, ಇದು ನೀಲಿ ಬಿಳಿ, ಇದು ಕೆನೆ ಅಂತ ತೋರಿಸುತ್ತಾನೆ. ಮೊದಲ ಸಲ ನಿಮಗೆ ಒಂದಕ್ಕೂ ವ್ಯತ್ಯಾಸ ಕಾಣುವುದಿಲ್ಲ. ಅವನಿಗೆ ಬೆರಳ ತುದಿಯಲ್ಲೇ ಗೊತ್ತಾಗುತ್ತದೆ.

ಬೆಲೆ ಬಟ್ಟೆಯ ಮೇಲೆ. ಚೌಕಾಸಿ ಮಾಡಿ, ಹಿಂದಿಯಲ್ಲೇ ಮಾಡಿ. ಅಳತೆ ಕೊಡುವಾಗ ಹಾಕಿಕೊಳ್ಳುವ ಚಪ್ಪಲಿಯಲ್ಲೇ ನಿಲ್ಲಿ, ಉದ್ದ ಪಾದದ ಗಂಟಿಗೆ ಬಂದರೆ ಸರಿ. ನೆಲ ಗುಡಿಸುವಷ್ಟು ಉದ್ದ ಆದರೆ ಮೆಟ್ಟಿಲು ಹತ್ತುವಾಗ ಮುಗ್ಗರಿಸುತ್ತೀರಿ.

ಸೆಖೆಗೆ ನಿಜವಾಗಲೂ ತಂಪಾ?

ಹೌದು, ಸಡಿಲವಾಗಿದ್ದರೆ. ಒಳಗೆ ಗಾಳಿ ಕೆಳಗಿನಿಂದ ಮೇಲಕ್ಕೆ ಓಡಾಡುತ್ತದೆ, ಬೆವರು ಆರುತ್ತದೆ. ಬೆದೂಯಿನರು, ಅಂದರೆ ಅಲೆಮಾರಿ ಅರಬರು, ಮರುಭೂಮಿಯಲ್ಲಿ ಕಪ್ಪು ನಿಲುವಂಗಿ ಯಾಕೆ ತೊಡುತ್ತಾರೆ ಅನ್ನುವ ಪ್ರಶ್ನೆ ಹಿಡಿದು 1980ರಲ್ಲಿ ನೇಚರ್ ಪತ್ರಿಕೆಯಲ್ಲಿ ಒಂದು ಸಂಶೋಧನೆ ಬಂದಿತ್ತು. ಕಪ್ಪು ಬಟ್ಟೆ ಜಾಸ್ತಿ ಬಿಸಿಲು ಹೀರುವುದು ನಿಜ, ಆದರೆ ಸಡಿಲವಾಗಿದ್ದರೆ ಆ ಬಿಸಿ ಚರ್ಮ ಮುಟ್ಟುವ ಮೊದಲೇ ಗಾಳಿಯಲ್ಲಿ ಹೊರಟುಹೋಗುತ್ತದೆ ಅನ್ನುವುದು ಅದರ ಸಾರ. ಅಂದರೆ ಬಣ್ಣಕ್ಕಿಂತ ಹೊಲಿಗೆ ಮುಖ್ಯ. ಫ್ಯಾಷನ್ ಅಂತ ಮೈಗೆ ಅಂಟಿಸಿ ಹೊಲಿಸಿದರೆ ಆಗಸ್ಟ್ ತಿಂಗಳಲ್ಲಿ ನಿಮ್ಮನ್ನು ನೀವೇ ಶಪಿಸಿಕೊಳ್ಳುತ್ತೀರಿ. ಚಳಿಗಾಲಕ್ಕೆ ಅವರೂ ಬಿಳಿ ಬಿಡುತ್ತಾರೆ. ಕಂದು, ಬೂದು, ಕಡು ನೀಲಿಯ ದಪ್ಪ ಕಂದೂರಾ ಹೊರಬರುತ್ತವೆ.

ಹೆಂಗಸರು ಅಬಾಯಾ ಹಾಕಲೇಬೇಕಾ?

ಯುಎಇ, ಕತಾರ್, ಬಹರೈನ್, ಕುವೈತ್, ಒಮಾನ್‌ಗಳಲ್ಲಿ ವಿದೇಶಿ ಹೆಂಗಸರಿಗೆ ಕಡ್ಡಾಯ ಇಲ್ಲ. ಮೈ ಮುಚ್ಚುವ ಬಟ್ಟೆ ಇದ್ದರೆ ಸಾಕು. ಚೂಡಿದಾರ ಎಲ್ಲ ಕಡೆ ಸಲ್ಲುತ್ತದೆ, ಸೀರೆಗೂ ಯಾರೂ ಬೇಡ ಅನ್ನುವುದಿಲ್ಲ. ಶಾರ್ಜಾದಲ್ಲಿ 2001ರಿಂದ ಸಭ್ಯ ಉಡುಪಿನ ನಿಯಮ ಇದೆ, ದುಬೈಗಿಂತ ಸ್ವಲ್ಪ ಬಿಗಿ.

ಸೌದಿಯ ಕಥೆ ಉದ್ದ. ಎಷ್ಟೋ ವರ್ಷ ಅಲ್ಲಿ ಯಾವ ದೇಶದ ಹೆಂಗಸಾದರೂ ಹೊರಗೆ ಕಾಲಿಡಬೇಕಾದರೆ ಕಪ್ಪು ಅಬಾಯಾ ಬೇಕಿತ್ತು. ಅಲ್ಲಿದ್ದ ಅಮೆರಿಕದ ಸೇನೆ ಕೂಡ ತನ್ನ ಮಹಿಳಾ ಸಿಬ್ಬಂದಿ ಶಿಬಿರದಿಂದ ಹೊರಗೆ ಹೋಗುವಾಗ ತೊಡಲೇಬೇಕು ಅಂತ ನಿಯಮ ಮಾಡಿತ್ತು. ಆ ಸೇನೆಯಲ್ಲಿ ಯುದ್ಧವಿಮಾನ ಹಾರಿಸುತ್ತಿದ್ದ ಮಾರ್ಥಾ ಮೆಕ್‌ಸ್ಯಾಲಿ 2001ರಲ್ಲಿ ತಮ್ಮ ರಕ್ಷಣಾ ಮಂತ್ರಿಯ ಮೇಲೇ ಕೇಸು ಹಾಕಿದರು. ಮರುವರ್ಷ ಆ ಕಡ್ಡಾಯ ಹೋಯಿತು. ಅವರು ಹೋರಾಡಿದ್ದು ಸೌದಿಯ ವಿರುದ್ಧ ಅಲ್ಲ ಅನ್ನುವುದು ಗಮನಿಸಿ, ತಮ್ಮದೇ ಸೇನೆಯ ವಿರುದ್ಧ. ಆಮೇಲೆ 2018ರಲ್ಲಿ ಯುವರಾಜ ಮೊಹಮ್ಮದ್ ಬಿನ್ ಸಲ್ಮಾನ್, ಶರೀಯತ್ ಕೇಳುವುದು ಸಭ್ಯ ಉಡುಪನ್ನು, ಅದು ಕಪ್ಪು ಅಬಾಯಾನೇ ಆಗಬೇಕಿಲ್ಲ ಎಂಬ ಅರ್ಥದ ಮಾತು ಹೇಳಿದರು. 2019ರಲ್ಲಿ ಪ್ರವಾಸಿ ವೀಸಾ ಶುರುವಾದಾಗ ವಿದೇಶಿ ಹೆಂಗಸರಿಗೆ ಅಬಾಯಾ ಬೇಕಿಲ್ಲ ಅಂತಲೇ ಪ್ರಕಟಿಸಿದರು.

ಈಗಲೂ ರಿಯಾದ್, ದಮ್ಮಾಂನಲ್ಲಿರುವ ನಮ್ಮ ಹೆಂಗಸರು ಬೀರುವಿನಲ್ಲಿ ಒಂದು ಅಬಾಯಾ ಇಟ್ಟುಕೊಂಡಿರುತ್ತಾರೆ. ಸರ್ಕಾರಿ ಕಚೇರಿ, ಹಳೇ ಮಾರುಕಟ್ಟೆ, ಸಣ್ಣ ಊರು ಅಂದರೆ ಹಾಕಿಕೊಂಡು ಹೋಗುತ್ತಾರೆ. ಮನೆ ನೈಟಿಯ ಮೇಲೆ ಅಬಾಯಾ ಹಾಕಿ ಹಾಲು ತರಲು ಓಡುವ ಅನುಕೂಲದ ಬಗ್ಗೆ ಹೇಳುವವರೂ ಇದ್ದಾರೆ! ಅಬಾಯಾ ವಿಷಯದಲ್ಲಿ ಗಂಡಸರ ಕಂದೂರಾದಷ್ಟು ಸೂಕ್ಷ್ಮ ಇಲ್ಲ. ವಿದೇಶಿ ಹೆಂಗಸು ತೊಟ್ಟರೆ ಗೌರವ ಕೊಟ್ಟಳು ಅಂತಲೇ ಸಾಮಾನ್ಯವಾಗಿ ತಿಳಿಯುತ್ತಾರೆ.

ಮಸೀದಿ ನೋಡಲು ಹೋಗುವಾಗ?

ಅಬುಧಾಬಿಯ ಶೇಖ್ ಝಾಯೆದ್ ಮಸೀದಿಗೆ ಎಲ್ಲ ಧರ್ಮದವರಿಗೂ ಪ್ರವೇಶ ಇದೆ, ಉಚಿತ. ಹೆಂಗಸರು ತಲೆ ಮುಚ್ಚಬೇಕು, ಗಂಡಸರಿಗೆ ಚಡ್ಡಿ ನಡೆಯುವುದಿಲ್ಲ. ದುಬೈಯ ಜುಮೇರಾ ಮಸೀದಿ, ಮಸ್ಕತ್‌ನ ಸುಲ್ತಾನ್ ಕಾಬೂಸ್ ಮಸೀದಿಯಲ್ಲೂ ಉಡುಪಿನ ನಿಯಮ ಹೀಗೇ. ಸಭ್ಯವಾದ ನಮ್ಮ ಬಟ್ಟೆಯೇ ಸಾಕು.

ಮಕ್ಕಳಿಗೆ ಶಾಲೆಯಿಂದ ಕಂದೂರಾ ತನ್ನಿ ಅಂತ ಚೀಟಿ ಬಂದಿದೆ.

ಕಣ್ಣು ಮುಚ್ಚಿ ಕೊಡಿಸಿ. ಡಿಸೆಂಬರ್ 2ರ ಯುಎಇ ನ್ಯಾಷನಲ್ ಡೇ ಬಂತೆಂದರೆ ಭಾರತೀಯ ಶಾಲೆಗಳಲ್ಲೂ ಗಂಡು ಮಕ್ಕಳಿಗೆ ಕಂದೂರಾ, ಹೆಣ್ಣು ಮಕ್ಕಳಿಗೆ ಜರಿ ಕಸೂತಿಯ ಉದ್ದ ಲಂಗ. ಸ್ಥಳೀಯರು ನಮ್ಮ ಮಕ್ಕಳನ್ನು ಹಾಗೆ ನೋಡಿ ನಿಜಕ್ಕೂ ಸಂತೋಷಪಡುತ್ತಾರೆ, ಚಾಕ್ಲೇಟ್ ಕೊಡುತ್ತಾರೆ. ನವೆಂಬರ್ ಕೊನೆಯಲ್ಲಿ ಬೆಲೆ ಏರುತ್ತದೆ, ಮುಂಚೆಯೇ ತೆಗೆದಿಡಿ. ಒಂದು ಅಳತೆ ದೊಡ್ಡದೇ ತನ್ನಿ, ಮುಂದಿನ ವರ್ಷಕ್ಕೂ ಆಗುತ್ತದೆ.

ಒಮಾನ್ ಬೇರೆ ಥರನಾ?

ಹೌದು, ಅಲ್ಲಿ ಸ್ವಲ್ಪ ಜಾಸ್ತಿ ಜಾಗ್ರತೆ ಬೇಕು. ಒಮಾನಿಗಳು ತಮ್ಮ ಉಡುಪಿನ ಬಗ್ಗೆ ಬಹಳ ಅಭಿಮಾನಿಗಳು. ದಿಶ್‌ದಾಶಾದ ವಿನ್ಯಾಸವನ್ನು ವ್ಯಾಪಾರಿಗಳು ಮನಸ್ಸಿಗೆ ಬಂದಂತೆ ಬದಲಾಯಿಸದ ಹಾಗೆ ಸರ್ಕಾರ ನಿಯಮವನ್ನೇ ಮಾಡಿದೆ. ಕಸೂತಿಯ ಕುಮ್ಮಾ ಟೋಪಿಯನ್ನು ಮತ್ರಾಹ್ ಸೂಕ್‌ನಲ್ಲಿ ಪ್ರವಾಸಿಗಳು ಕೊಳ್ಳುತ್ತಾರೆ, ನೆನಪಿಗೆ ಇಟ್ಟುಕೊಳ್ಳಲು ಚೆಂದ. ಆದರೆ ದಿಶ್‌ದಾಶಾ, ಕುಮ್ಮಾ, ಸೊಂಟಕ್ಕೆ ಖಂಜರ್ (ಬಾಗಿದ ಕಠಾರಿ) ಎಲ್ಲ ಸೇರಿಸಿ ತೊಟ್ಟು ತಿರುಗಬೇಡಿ. ಖಂಜರ್ ಅವರ ರಾಷ್ಟ್ರಲಾಂಛನದಲ್ಲೇ ಇದೆ, ಬಾವುಟದಲ್ಲೂ ಇದೆ.

ಹಿಂದೆ ಬ್ರಿಟಿಷರು ಅರಬ್ ವೇಷದಲ್ಲಿ ಓಡಾಡುತ್ತಿದ್ದರಲ್ಲ?

ಓಡಾಡುತ್ತಿದ್ದರು. ರಿಚರ್ಡ್ ಬರ್ಟನ್ 1853ರಲ್ಲಿ ಮುಸ್ಲಿಂ ಯಾತ್ರಿಕನ ವೇಷದಲ್ಲಿ ಮೆಕ್ಕಾಕ್ಕೆ ಹೋಗಿ ಬಂದ. ಅದು ಅಪ್ಪಟ ಮೋಸ. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಸೇನಾಧಿಕಾರಿ ಟಿ. ಇ. ಲಾರೆನ್ಸ್‌ಗೆ ಅರಬ್ ಬಟ್ಟೆ ತೊಡು ಅಂದದ್ದು, ರೇಷ್ಮೆಯದನ್ನೇ ಕೊಟ್ಟದ್ದು ತುರ್ಕರ ವಿರುದ್ಧ ದಂಗೆ ಎದ್ದ ಅರಬರ ನಾಯಕ ಅಮೀರ್ ಫೈಸಲ್. ಬರೀ ಸೈನಿಕ ಸಮವಸ್ತ್ರದಲ್ಲಿದ್ದರೆ ಫೈಸಲನ ಜನ ನಂಬುತ್ತಿರಲಿಲ್ಲ. 1917ರಲ್ಲಿ ಲಾರೆನ್ಸ್ ಬೇರೆ ಅಧಿಕಾರಿಗಳಿಗೆ ಕೊಟ್ಟ ಸಲಹೆಯಲ್ಲಿ ವೇಷ ಮರೆಸಿಕೊಳ್ಳಬೇಡಿ, ನೀವು ಬ್ರಿಟಿಷ್ ಅಧಿಕಾರಿ ಅಂತ ಎಲ್ಲರಿಗೂ ಗೊತ್ತಿರಲಿ, ತೊಡುವುದಾದರೆ ಒಳ್ಳೆಯದನ್ನೇ ಪೂರ್ತಿಯಾಗಿ ತೊಡಿ ಅನ್ನುವ ಅರ್ಥದ ಮಾತಿದೆ. ಅವನು ಯಾರಿಗಾಗಿ ಕೆಲಸ ಮಾಡುತ್ತಿದ್ದ ಅನ್ನುವುದು ಬೇರೆ ಜಗಳ. ಬಟ್ಟೆಯ ಬಗ್ಗೆ ಆ ಮಾತು ಮಾತ್ರ ಇವತ್ತಿಗೂ ಸರಿ.

ಇನ್ನೊಬ್ಬ ವಿಲ್ಫ್ರೆಡ್ ಥೆಸಿಗರ್. 1946ರಿಂದ 1948ರ ನಡುವೆ ರುಬ್ ಅಲ್ ಖಾಲಿ ಮರುಭೂಮಿಯನ್ನು ಬೆದೂಯಿನರ ಜೊತೆ ಅವರದೇ ಬಟ್ಟೆಯಲ್ಲಿ, ಬರಿಗಾಲಲ್ಲಿ ದಾಟಿದ. ಜೊತೆಗಾರರು ಅವನನ್ನು ಮುಬಾರಕ್ ಬಿನ್ ಲಂಡನ್ ಅಂತ ಕರೆದರು. ಲಂಡನ್ನಿನ ಮಗ! ಬಟ್ಟೆ ನಮ್ಮದು, ಮನುಷ್ಯ ಎಲ್ಲಿಯವನು ಅಂತ ನಮಗೆ ಗೊತ್ತು ಅನ್ನುವ ಆ ತಮಾಷೆಯಲ್ಲಿ ಪ್ರೀತಿಯೂ ಇತ್ತು.

ಡೆಸರ್ಟ್ ಸಫಾರಿಯಲ್ಲಿ ತೊಟ್ಟು ಫೋಟೊ ತೆಗೆಸಿಕೊಳ್ಳಬಹುದಾ?

ತೆಗೆಸಿಕೊಳ್ಳಿ. ಅಲ್ಲಿ ಅದಕ್ಕೆಂದೇ ಇಟ್ಟಿರುತ್ತಾರೆ. ಒಂದೇ ಕೋರಿಕೆ, ಫೋಟೊ ಕೆಳಗೆ ನಾನೀಗ ಶೇಖ್, ನಾಲ್ಕು ಮದುವೆ ಅಂತೆಲ್ಲ ಬರೆಯಬೇಡಿ. ಫ್ಯಾನ್ಸಿ ಡ್ರೆಸ್ ಪಾರ್ಟಿಗೆ ನಕಲಿ ಗಡ್ಡ ಅಂಟಿಸಿ ಹೋಗುವುದೂ ಬೇಡ. ಆನ್‌ಲೈನ್ ನಿಂದನೆಗೆ ಇಲ್ಲಿ ಕಾನೂನು ಬಿಗಿ.

ಊರಿಗೆ ಹೋದಾಗ ತೊಡಬಹುದಾ? ಬೇರೆ ದೇಶಗಳಲ್ಲಿ?

ಊರಲ್ಲಿ ಭಟ್ಕಳ, ಮಂಗಳೂರು, ಉಪ್ಪಿನಂಗಡಿ ಕಡೆ ಈದ್ ದಿನ ಥೋಬ್ ತೊಟ್ಟವರು ಬೇಕಾದಷ್ಟು. ಗಲ್ಫಿನಿಂದ ಬಂದ ಮಾವ ತಂದ ಥೋಬ್ ಎಷ್ಟೋ ಮನೆಯ ಹುಡುಗರ ಹಬ್ಬದ ಬಟ್ಟೆ. ಅಲ್ಲಿ ಅದು ಯಾವ ಪ್ರಜೆ ಅನ್ನುವ ಪ್ರಶ್ನೆ ಎಬ್ಬಿಸುವುದಿಲ್ಲ.

ಪಾಶ್ಚಾತ್ಯ ದೇಶಗಳಲ್ಲಿ ಪರಿಸ್ಥಿತಿ ತಿರುವುಮುರುವು. 2016ರ ಜೂನ್ ಕೊನೆಯಲ್ಲಿ ಅಮೆರಿಕದ ಓಹಾಯೊದ ಏವನ್ ಊರಿನ ಹೋಟೆಲ್ ಮುಂದೆ ಚಿಕಿತ್ಸೆಗೆಂದು ಬಂದಿದ್ದ ಎಮಿರಾತಿ ವ್ಯಕ್ತಿಯನ್ನು ಭಯೋತ್ಪಾದಕ ಅನ್ನುವ ಅನುಮಾನದಲ್ಲಿ ಪೊಲೀಸರು ಬಂದೂಕು ತೋರಿಸಿ ಕೆಡವಿ ಕೋಳ ಹಾಕಿದರು. ಅವರು ತೊಟ್ಟಿದ್ದು ತಮ್ಮದೇ ಉಡುಪು. ಆಮೇಲೆ ಯುಎಇ ಸರ್ಕಾರವೇ ತನ್ನ ಪ್ರಜೆಗಳಿಗೆ ವಿದೇಶದ ಸಾರ್ವಜನಿಕ ಜಾಗಗಳಲ್ಲಿ ರಾಷ್ಟ್ರೀಯ ಉಡುಪು ತೊಡದಿರಿ ಅಂತ ಸಲಹೆ ಕೊಟ್ಟಿತು. ನಮಗೆ ಹೊಸ ಅನುಭವ ಅನ್ನಿಸುವ ಬಟ್ಟೆಯ ಜೊತೆ ಅವರಿಗೆ ಇಂಥ ನೆನಪುಗಳೂ ಅಂಟಿಕೊಂಡಿವೆ.

ಅರಬ್ ಗೆಳೆಯ ಕಂದೂರಾ ಉಡುಗೊರೆ ಕೊಟ್ಟ. ತೊಡದಿದ್ದರೆ ಬೇಜಾರಾಗುತ್ತಾನಾ?

ಆಗಬಹುದು. ಮುಂದಿನ ಈದ್‌ಗೆ ಅವನ ಮನೆಗೆ ಹೋಗುವಾಗ ತೊಟ್ಟುಕೊಂಡು ಹೋಗಿ. ಇದಕ್ಕಿಂತ ಒಳ್ಳೆಯ ಸಂದರ್ಭ ಇನ್ನೊಂದಿಲ್ಲ. ಅವನೇ ಬಾಗಿಲಲ್ಲಿ ನಿಲ್ಲಿಸಿ ಕುತ್ತಿಗೆ ಗುಂಡಿ ಸರಿ ಮಾಡಿ, ಊದ್ ಅನ್ನುವ ಸುಗಂಧದ ಕಟ್ಟಿಗೆಯ ಹೊಗೆ ಹಿಡಿದು ಒಳಗೆ ಕರೆದುಕೊಳ್ಳುತ್ತಾನೆ.

ಯಾರಾದರೂ ನೇರವಾಗಿ ಆಕ್ಷೇಪ ಎತ್ತಿದರೆ?

ವಾದ ಬೇಡ. ಗೆಳೆಯ ಕೊಟ್ಟದ್ದು, ಇಂಥ ಕಾರ್ಯಕ್ರಮಕ್ಕೆ ಹೋಗುತ್ತಿದ್ದೇನೆ, ನಾನು ಭಾರತದವನು ಅಂತ ಹೇಳಿ. ನಾನು ಭಾರತದವನು ಅನ್ನುವುದನ್ನು ಮೊದಲೇ ಹೇಳಿಬಿಟ್ಟರೆ ಅರ್ಧ ಗೊಂದಲ ಅಲ್ಲೇ ತೀರುತ್ತದೆ. ಅವರು ಹುಡುಕುವುದೂ ಅದನ್ನೇ, ಇವನು ಮುಚ್ಚಿಡುತ್ತಿದ್ದಾನಾ ಅಥವಾ ಇಲ್ಲವಾ ಅಂತ.

ನೆಲದ ಮೇಲೆ ಕೂತು ಊಟ, ಟಾಯ್ಲೆಟ್, ಕಲೆ... ಹೇಗೆ ನಿಭಾಯಿಸುತ್ತಾರೆ?

ಕೂರುವಾಗ ಹಿಂದಿನ ಬಟ್ಟೆಯನ್ನು ಒಂದು ಕೈಯಲ್ಲಿ ಸರಿಸಿ, ಮೊಣಕಾಲಿನ ಮೇಲೆ ಮುಂದಿನದನ್ನು ಸಡಿಲ ಬಿಟ್ಟು ಕೂರಬೇಕು. ಎಳೆದು ಕೂತರೆ ಹೊಲಿಗೆ ಬಿಚ್ಚುತ್ತದೆ. ಟಾಯ್ಲೆಟ್‌ನಲ್ಲಿ ಬುಡವನ್ನು ಪೂರ್ತಿ ಮೇಲೆತ್ತಿ ಎದೆಗೆ ಒತ್ತಿ ಹಿಡಿಯುತ್ತಾರೆ, ಕೆಲವರು ಹಲ್ಲಿನಲ್ಲೂ ಕಚ್ಚುತ್ತಾರೆ. ಮೊಬೈಲ್ ಪಕ್ಕದ ಜೇಬಿನಲ್ಲಿ ಇಟ್ಟರೆ ಬಟ್ಟೆ ಒಂದು ಕಡೆ ವಾಲುತ್ತದೆ, ಅದಕ್ಕೇ ಅವರ ಮೊಬೈಲ್ ಯಾವಾಗಲೂ ಕೈಯಲ್ಲಿ. ಎದೆ ಜೇಬಿನ ಪೆನ್ನಿಗೆ ಮುಚ್ಚಳ ಗಟ್ಟಿ ಹಾಕಿ.

ಕಲೆಯಾದರೆ ಕೂಡಲೇ ತಣ್ಣೀರು, ಆಮೇಲೆ ಲಾಂಡ್ರಿ. ಕಂದೂರಾ ಒಗೆದು, ಗಂಜಿ ಹಾಕಿ ಇಸ್ತ್ರಿ ಮಾಡುವ ಲಾಂಡ್ರಿ ಪ್ರತಿ ಬೀದಿಯಲ್ಲೂ ಇದೆ. ಮಜ್‌ಬೂಸ್ ಅನ್ನದ ಎಣ್ಣೆ ಕಲೆ ಹೋಗುತ್ತದೆ. ಅರಿಶಿನ ಹಾಕಿದ ನಮ್ಮ ಸಾರು ಬಿದ್ದರೆ ಲಾಂಡ್ರಿಯವನೂ ಕೈ ಚೆಲ್ಲುತ್ತಾನೆ. ಹಾಗಾಗಿ ಕರಾಮಾದ ಉಡುಪಿ ಹೋಟೆಲಿಗೆ ಹೋಗುವ ದಿನ ಹಳೇ ಟೀ ಷರ್ಟೇ ಇರಲಿ.